ಒಂದು ಗಂಟೆಯ ದಾರಿ ಯಾರಿಗೆ?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಎಂದು ಡಂಗುರ ಸಾರುತ್ತಿದ್ದಾರೆ. ಸುಳ್ಳಲ್ಲ. ಆಕಾಶಮಾರ್ಗದಲ್ಲಿ ಅಂತರ ಸುಮಾರು 370 ಕಿಲೋಮೀಟರು, ಹಳಿಯ ಮೇಲೆ ಅದೇ 469. ಆದರೆ ಈ ಒಂದು ಗಂಟೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂದು ನಾವು ಕೇಳಬಯಸುತ್ತೇವೆ.

ವಿಮಾನ ಏಳುವುದಕ್ಕೆ ಒಂದೂವರೆ-ಎರಡು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ತಪಾಸಣೆ, ಸಾಲು, ಮತ್ತೆ ಸಾಲು. ಇಳಿಯುವುದಾದರೂ ಬೆಂಗಳೂರಿನಲ್ಲಲ್ಲ, ದೇವನಹಳ್ಳಿಯ ಬಳಿ. 2008ರ ಮೇ ತಿಂಗಳವರೆಗೆ ವಿಮಾನಗಳು ಊರೊಳಗಿನ ಎಚ್.ಎ.ಎಲ್. ನಿಲ್ದಾಣದಲ್ಲೇ ಇಳಿಯುತ್ತಿದ್ದವು. ಈಗ ಅಲ್ಲಿಂದ ಮೆಜೆಸ್ಟಿಕ್ಕಿಗೆ ಸುಮಾರು 35 ಕಿಲೋಮೀಟರು. ವಾಹನಗಳ ದಟ್ಟಣೆಯಲ್ಲಿ ಗಂಟೆಗೂ ಮಿಕ್ಕ ದಾರಿ. ಮನೆಯ ಹೊಸ್ತಿಲಿನಿಂದ ಚಿಕ್ಕಪೇಟೆಯ ಅಂಗಡಿ ಮೆಟ್ಟಿಲಿನವರೆಗೆ ಎಣಿಸಿದರೆ ಐದು ಗಂಟೆಯ ಹತ್ತಿರ ಹತ್ತಿರ ಆಗುತ್ತದೆ. ಶಾಲೆಯಲ್ಲಿ ಕಾಲ-ವೇಗದ ಲೆಕ್ಕ ಕಲಿಸಿದವರು ನಾವು. ಹೀಗೆ ಅರ್ಧ ದಾರಿ ಬಿಟ್ಟು ಉತ್ತರ ಬರೆದ ಹುಡುಗನಿಗೆ ಅಂಕ ಕೊಟ್ಟವರಲ್ಲ.

2023ರ ಜೂನ್ 27ರಂದು ಆರಂಭವಾದ ವಂದೇ ಭಾರತ್ ಗಾಡಿ ಇದೇ ದಾರಿಯನ್ನು ಐದಾರು ಗಂಟೆಯಲ್ಲಿ ಮುಗಿಸುತ್ತದೆ. ಅಂದರೆ ರೈಲು ಬೇಗ ಓಡಬಲ್ಲುದು! ಆದರೆ ಅದರಲ್ಲಿ ಜನರಲ್ ಬೋಗಿ ಒಂದೂ ಇಲ್ಲ. ಎಲ್ಲವೂ ತಂಪು ಗಾಳಿಯ ಡಬ್ಬಿಗಳೇ, ದರವೂ ಅದಕ್ಕೆ ತಕ್ಕಂತೆ. ಕೆಲಸ ಹುಡುಕಿ ಬೆಂಗಳೂರಿಗೆ ಹೊರಟ ಗಿರಣಿ ಕಾರ್ಮಿಕನ ಮಗನಿಗೆ ರಾತ್ರಿಯ ಗಾಡಿಯ ಪಾಯಖಾನೆ ಪಕ್ಕದ ಜಾಗವೇ ಗತಿ. ರಾತ್ರಿಯೆಲ್ಲ ನಿಂತು ಬಂದವನು ಬೆಳಿಗ್ಗೆ ದುಡಿಯುವುದು ಹೇಗೆ? ಅವನು ಕಳೆದುಕೊಂಡ ಕೂಲಿಯನ್ನು ಯಾವ ವೇಳಾಪಟ್ಟಿಯಲ್ಲಿ ಬರೆದಿದ್ದಾರೆ?

ಸಣ್ಣ ವ್ಯಾಪಾರಿಯ ಪಾಡು ಬೇರೆ. ವಿಮಾನದ ಸಾಮಾನ್ಯ ಟಿಕೇಟಿಗೆ 15 ಕಿಲೋ ಪೆಟ್ಟಿಗೆ, ಕೈಯಲ್ಲೊಂದು 7 ಕಿಲೋ. ರೈಲಿನ ಎರಡನೆಯ ದರ್ಜೆಯಲ್ಲಿ 35 ಕಿಲೋ, ಸ್ಲೀಪರಿನಲ್ಲಿ 40 ಕಿಲೋ ಪುಕ್ಕಟೆ. ದುರ್ಗದಬೈಲಿನ ಬಟ್ಟೆ ವ್ಯಾಪಾರಿ ಗಂಟನ್ನು ಎಲ್ಲಿಡಬೇಕು, ತಲೆಯ ಮೇಲೋ?

ಹವಾಯಿ ಚಪ್ಪಲಿಯವನೂ ವಿಮಾನ ಹತ್ತಬೇಕೆಂದು 2017ರಲ್ಲಿ ಪ್ರಧಾನಿಯವರು ಸಿಮ್ಲಾದಲ್ಲಿ ಉಡಾನ್ ಯೋಜನೆಯ ವಿಮಾನಕ್ಕೆ ಚಾಲನೆ ಕೊಟ್ಟರು. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ, ಅದೂ ಅರ್ಧದಷ್ಟು ಆಸನಗಳಿಗೆ ಮಾತ್ರ. ಕಂಪನಿಗಳ ನಷ್ಟ ತುಂಬಿಕೊಡಲು ಸಹಾಯಧನ. ಅದರಲ್ಲಿ ಶೇಕಡ 20 ರಾಜ್ಯ ಸರಕಾರಗಳ ಬೊಕ್ಕಸದ್ದು. ಫಲವೇನು? 2023ರಲ್ಲಿ ಮಹಾಲೇಖಪಾಲರ ವರದಿಯೇ ಹೇಳಿತು: ಮಂಜೂರಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಸಹಾಯಧನದ ಮೂರು ವರ್ಷ ಪೂರೈಸಿದ್ದು 112. ಆಮೇಲೂ ಉಳಿದದ್ದು 54! ಹಣದ ಹರಿವು ನಿಂತೊಡನೆ ರೆಕ್ಕೆಯೂ ನಿಂತಿತು. ಚಪ್ಪಲಿಯವನು ನೆಲದ ಮೇಲೆಯೇ ಇದ್ದಾನೆ.

ವಿಮಾನವೇ ಬೇಡವೆಂದು ನಾವು ಹೇಳುತ್ತಿಲ್ಲ. ರೋಗಿಯೊಬ್ಬನನ್ನು ತುರ್ತಾಗಿ ಒಯ್ಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಬೇಗ ತಲುಪುವ ಹಕ್ಕು ಹಣವುಳ್ಳವನಿಗೆ ಮಾತ್ರವೇಕೆ? ತಂಪು ಡಬ್ಬಿಗಳಿಲ್ಲದೆ, ಜನರಲ್ ಬೋಗಿಗಳನ್ನು ಜೋಡಿಸಿಕೊಂಡೇ ಗಂಟೆಗೆ 130 ಕಿಲೋಮೀಟರು ಓಡಬಲ್ಲ ಅಮೃತ ಭಾರತ್ ಗಾಡಿಯನ್ನು 2023ರ ಡಿಸೆಂಬರಿನಲ್ಲಿ ಇದೇ ರೈಲ್ವೆಯವರು ಓಡಿಸಿ ತೋರಿಸಿದ್ದಾರೆ. ಮೊದಲ ಎರಡರಲ್ಲಿ ಒಂದು ಬಂಗಾಳದ ಮಾಲ್ಡಾದಿಂದ ಬೆಂಗಳೂರಿಗೇ ಬಂತು. ಅಂಥದೊಂದು ಗಾಡಿ ಹುಬ್ಬಳ್ಳಿ-ಬೆಂಗಳೂರು ನಡುವೆ ದಿನವೂ, ಹಗಲಿನಲ್ಲಿ ಓಡಲಿ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಅರ್ಜಿ ಕೊಡಲು ನಾವೆಲ್ಲರೂ ಕಾಲ್ನಡಿಗೆಯಲ್ಲೇ ಹೋಗಬಹುದು.