ಬುಲ್ಸ್‌ಗೆ ಕೋಚ್ ಸಿಕ್ಕರು, ನಮ್ಮ ಶಾಲೆಗೆ ಯಾವಾಗ?

ಕಂಪ್ಲಿಯಲ್ಲಿ ಸಂಜೆ ಹೊತ್ತು ವಗ್ಗರಣಿ-ಮಿರ್ಚಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಬೆಂಗಳೂರು ಬುಲ್ಸ್ ಕಬಡ್ಡಿ ತಂಡಕ್ಕೆ ಮೂವರು ಕೋಚ್ ಸಿಗುತ್ತಾರೆ.

"ರಣಧೀರ್ ಸರ್‌ನ ಬಿಡಬಾರದಿತ್ತು ನೋಡಲೇ. ಕಪ್ ತಂದುಕೊಟ್ಟ ಮನುಷ್ಯಾ."

"ಕಪ್ ಬಂದು ಎಷ್ಟು ವರ್ಷಾತು? ನಮ್ಮ ರಮೇಶ್ ಸರ್ ಇರ್ಲಿ. ನಮ್ಮ ಭಾಷಿ ಮಾತಾಡ್ತಾರ."

"ಇಬ್ಬರೂ ಬ್ಯಾಡ. ಹರಿಯಾಣದಿಂದ ದೊಡ್ಡ ಹೆಸರು ತರಬೇಕು."

ತಂಡ ಸೋತ ಮರುದಿನ ಈ ಜಗಳ ಹೊಸಪೇಟೆ ಬಸ್ಸಿನಲ್ಲೂ ನಡೆಯುತ್ತದೆ, ಸಂಡೂರಿನ ಲಾರಿ ಸ್ಟ್ಯಾಂಡಿನಲ್ಲೂ ನಡೆಯುತ್ತದೆ. ನಾನೂ ಅದರಲ್ಲಿ ಗಂಟಲು ಹರಿದುಕೊಂಡವನೇ. ಹಾಗಾಗಿ ಇದನ್ನು ಹೊರಗೆ ನಿಂತು ಬೈಯುತ್ತಿಲ್ಲ. ನಾವು ಕೇಳುತ್ತಿರುವ ಪ್ರಶ್ನೆ ಅರ್ಧ ಮಾತ್ರ ಅಂತ ಹೇಳುವುದಕ್ಕೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ರಣಧೀರ್ ಸಿಂಗ್ ಸೆಹ್ರಾವತ್ 2014ರ ಮೊದಲ ಸೀಸನ್‌ನಿಂದ ಹನ್ನೊಂದನೇ ಸೀಸನ್‌ವರೆಗೆ ಬುಲ್ಸ್ ಕೋಚ್ ಆಗಿದ್ದರು. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ವಿರುದ್ಧ 38-33ರಿಂದ ಗೆದ್ದಿದ್ದು ಅವರ ಕಾಲದಲ್ಲೇ. ಆ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದನ್ನು ಯಾರು ಮರೆಯುತ್ತಾರೆ? ಆದರೆ 2024ರ ಸೀಸನ್‌ನಲ್ಲಿ 22 ಪಂದ್ಯ ಆಡಿ ಗೆದ್ದಿದ್ದು ಬರೀ 2. ಲೀಗ್‌ನಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ ಪರ್ದೀಪ್ ನರ್ವಾಲ್ ತಂಡದಲ್ಲಿದ್ದರೂ ಕಡೇ ಸ್ಥಾನ. ಆಮೇಲೆ ಬಿ.ಸಿ. ರಮೇಶ್ ಬಂದರು. 2025ರಲ್ಲಿ ತಂಡ ಪ್ಲೇಆಫ್ ಮುಟ್ಟಿತು, ಕಪ್ ಮಾತ್ರ ಬರಲಿಲ್ಲ.

ಕೇಳಿದರೆ ನಾನು ರಮೇಶ್ ಅವರ ಕಡೆ. ಆದರೆ "ನಮ್ಮ ಭಾಷಿ" ಅನ್ನುವ ಒಂದೇ ಕಾರಣಕ್ಕಲ್ಲ. ಭಾಷೆ ಒಂದರಿಂದಲೇ ಪಂದ್ಯ ಗೆಲ್ಲುವಂತಿದ್ದರೆ ನಮ್ಮ ಅಂಗಡಿ ಮುಂದಿನ ಮೂವರೂ ಕೋಚ್ ಆಗಬಹುದಿತ್ತು. ಅವರ ಕೆಲಸ ನೋಡಿ. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಬುಲ್ಸ್ ಕಪ್ ಗೆದ್ದಾಗ ರಣಧೀರ್ ಜೊತೆ ಸಹಾಯಕ ಕೋಚ್. ಅದೇ 2019ರ ಅಕ್ಟೋಬರ್‌ನಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್. 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಕಪ್.

ಈ ಪುಣೆ ಕಥೆಯಲ್ಲೇ ನಮಗೊಂದು ಪಾಠ ಇದೆ. ಅಸ್ಲಂ ಇನಾಮ್ದಾರ್ ನಾಯಕತ್ವದ ಆ ತಂಡ ಎಳೆ ಹುಡುಗರ ತಂಡ. ದೊಡ್ಡ ತಂಡದ ಕೆಳಗೆ ಯುವಕರನ್ನು ಬೆಳೆಸುವ ವ್ಯವಸ್ಥೆಯನ್ನು ಅವರು ಮೊದಲೇ ಮಾಡಿಕೊಂಡಿದ್ದರು. ಅಂದರೆ ಕಪ್ ಎತ್ತುವಾಗ ಟಿವಿಯಲ್ಲಿ ಕಾಣುವ ಕೋಚ್ ಕಟ್ಟಕಡೆಯ ಮೇಷ್ಟ್ರು. ಅವನ ಹಿಂದೆ ಯಾರೋ ಒಬ್ಬ ಮೊದಲ ಮೇಷ್ಟ್ರು ಇದ್ದೇ ಇರುತ್ತಾನೆ. ಗರಡಿಮನೆ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಸ್ತಾದ ಇಲ್ಲದೆ ಪೈಲ್ವಾನ ಆಗುವುದಿಲ್ಲ.

ದೆಹಲಿ ಹತ್ತಿರ ನಿಜಾಂಪುರ ಅಂತ ಒಂದು ಊರಿದೆ. ಭಾರತ ತಂಡದ ನಾಯಕರಾಗಿದ್ದ ರಾಕೇಶ್ ಕುಮಾರ್ ಆ ಊರಿನವರು. ಬುಲ್ಸ್‌ನ ಮೊದಲ ನಾಯಕ ಮಂಜೀತ್ ಚಿಲ್ಲರ್ ಆ ಊರಿನವರು. ಬುಲ್ಸ್ ಕಪ್ ಎತ್ತಿದಾಗ ನಾಯಕರಾಗಿದ್ದ ರೋಹಿತ್ ಕುಮಾರ್ ಕೂಡ ಅದೇ ಊರು. ಒಂದೇ ಊರಿನಿಂದ ಇಷ್ಟು ಜನ! ಅಲ್ಲಿನ ಮಣ್ಣು ಬೇರೆ, ನಮ್ಮ ತುಂಗಭದ್ರೆ ದಂಡೆ ಮಣ್ಣು ಬೇರೆಯೇ? ಒಂದು ಊರಲ್ಲಿ ಆಟ ಕಲಿಸುವವರು, ಕಲಿಯುವವರು ತಲೆಮಾರು ತಪ್ಪದೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ನಮ್ಮಲ್ಲಿ? ನನ್ನ ಜೊತೆ ಓದಿದ ಒಬ್ಬ ಗೆಳೆಯನಿದ್ದ. ಹೆಸರು ಬೇಡ. ಅವನು ರೈಡ್‌ಗೆ ಹೋದರೆ ಎದುರಿನವರು ಗೆರೆ ಬಿಟ್ಟು ಹಿಂದೆ ಸರಿಯುತ್ತಿದ್ದರು. ಕಲಿಸುವವರು ಯಾರೂ ಇರಲಿಲ್ಲ. ಆಟದ ಪೀರಿಯಡ್ ಅಂದರೆ ನಮಗೆ ಗಣಿತದ ಪೀರಿಯಡ್. ಅವನು ಆಂಕಲ್ ಹೋಲ್ಡ್ ಕಲಿತಿದ್ದು ಯೂಟ್ಯೂಬ್ ನೋಡಿ. ಒಂದು ಜಾತ್ರೆಯ ಹೊನಲು ಬೆಳಕಿನ ಪಂದ್ಯದಲ್ಲಿ, ಮೈ ಬಿಸಿ ಮಾಡಿಕೊಳ್ಳದೆ ಸೀದಾ ಅಂಕಣಕ್ಕಿಳಿದ. ಎರಡನೇ ರೈಡ್‌ನಲ್ಲಿ ಮೊಣಕಾಲು ತಿರುಗಿತು. ಅಲ್ಲೇ ಎಣ್ಣೆ ಹಚ್ಚಿ ಉಜ್ಜಿದರು. ಉಜ್ಜಬಾರದು ಅಂತ ಹೇಳುವವರು ಒಬ್ಬರೂ ಇರಲಿಲ್ಲ. ಈಗ ಅವನು ಭತ್ತದ ಮೂಟೆ ಎತ್ತುವ ಕೆಲಸಕ್ಕೂ ಹೋಗಲಾರ.

ಅವನಿಗೆ ಬೇಕಾಗಿದ್ದದ್ದು ರಣಧೀರೂ ಅಲ್ಲ, ರಮೇಶೂ ಅಲ್ಲ. ಒಬ್ಬ ಪಿ.ಟಿ. ಮೇಷ್ಟ್ರು.

ಇದು ಯಾರೋ ದಯೆ ತೋರಿ ಕೊಡುವುದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. 6ರಿಂದ 8ನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ 100 ದಾಟಿದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಾನು ಕೊಡಬೇಕು. ದೈಹಿಕ ಶಿಕ್ಷಣ ಶಿಕ್ಷಕರಂತೂ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಿ ಅಂತ ವರ್ಷಗಟ್ಟಲೆ ಮನವಿ ಕೊಡುತ್ತಲೇ ಇದ್ದಾರೆ. ಅವರ ಪರವಾಗಿ ನಾವು, ಅಭಿಮಾನಿಗಳು, ಒಂದು ದಿನವಾದರೂ ಸ್ಟೇಟಸ್ ಹಾಕಿದ್ದೇವಾ?

"ದುಡ್ಡು ಎಲ್ಲಿಂದ ತರೋದು?" ಅಂತ ಕೇಳುತ್ತಾರೆ. ಬೇರೆ ಕಡೆ ಈ ಪ್ರಶ್ನೆ ಒಪ್ಪಬಹುದು, ಸಂಡೂರಿನಲ್ಲಿ ಒಪ್ಪಲಾಗದು. ಗುಡ್ಡ ಅಗೆದು ಅದಿರು ಸಾಗಿಸಿದವರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಅಂದರೆ ನಾವು ಡಿಎಂಎಫ್ ಅನ್ನುವ ನಿಧಿಗೆ, ಹಣ ಬರುತ್ತದೆ. ಅದು ಗಣಿ ಬಾಧಿತ ಜನರ ಹಣ. ಅದನ್ನು ಯಾವುದಕ್ಕೆ ಖರ್ಚು ಮಾಡಬಹುದು ಅನ್ನುವ ಕೇಂದ್ರದ ಮಾರ್ಗಸೂಚಿಯಲ್ಲಿ ಶಿಕ್ಷಣದ ಕೆಳಗೆ ಕ್ರೀಡಾ ಸೌಲಭ್ಯವೂ ಇದೆ, ಶಿಕ್ಷಕರನ್ನು ಮತ್ತು ಇತರ ಸಿಬ್ಬಂದಿಯನ್ನು ತೊಡಗಿಸಿಕೊಳ್ಳುವುದೂ ಇದೆ. ಕಟ್ಟಡ ಕಟ್ಟಿ ಹೆಸರಿನ ಕಲ್ಲು ನೆಡುವುದು ಒಂದೇ ದಾರಿ ಅಲ್ಲ.

ಅದೇ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಹತ್ತಿರ 2018ರಿಂದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ ಅದು. ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್ ಕಲಿಸುತ್ತಾರೆ, ಹೊರದೇಶದ ಕೋಚ್‌ಗಳೂ ಬಂದಿದ್ದಾರೆ. ಒಳ್ಳೆಯದೇ. ಒಬ್ಬ ಒಳ್ಳೆ ಕೋಚ್ ಏನು ಮಾಡಬಲ್ಲ ಅಂತ ತೋರಿಸಲು ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಆದರೆ ಆ ಗೇಟಿನವರೆಗೆ ಒಬ್ಬ ಹುಡುಗಿ ಹೋಗಬೇಕಾದರೆ, ಅವಳ ಊರಿನ ಶಾಲೆಯಲ್ಲಿ ಯಾರಾದರೂ "ಇವಳು ಓಡ್ತಾಳ" ಅಂತ ಮೊದಲು ಗುರುತಿಸಬೇಕಲ್ಲ?

ಕೆಲವರು ಹೇಳಬಹುದು: "ಆಟ ನೋಡೋದು ಖುಷಿಗೆ. ಅದರಾಗೂ ಇದನ್ನ ಯಾಕ ತರ್ತೀಯಪ್ಪಾ?" ಖುಷಿಪಡಿ. ನಾನೂ ಪಡುತ್ತೇನೆ. ಬುಲ್ಸ್ ಸೋತರೆ ನನಗೂ ಅನ್ನ ಸೇರುವುದಿಲ್ಲ. ಆದರೆ ಬುಲ್ಸ್‌ನ ಕೋಚ್ ಅನ್ನು ಆರಿಸುವುದು ಅದರ ಮಾಲೀಕರು. ಅಲ್ಲಿ ನಮ್ಮ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ನಮ್ಮ ಮಾತು ನಡೆಯುವ ಜಾಗ ಬೇರೆ ಇದೆ: ಎಸ್‌ಡಿಎಂಸಿ ಸಭೆ, ಗ್ರಾಮಸಭೆ. ಅಲ್ಲಿ ನಾವು ಬಾಯಿ ಬಿಡುವುದಿಲ್ಲ.

"ಒಬ್ಬ ಪಿ.ಟಿ. ಮೇಷ್ಟ್ರು ಬಂದ್ರ ನಮ್ಮೂರಿಂದ ಬುಲ್ಸ್‌ಗೆ ಆಟಗಾರ ಹೋಗ್ತಾನಾ?" ಹೋಗದೇ ಇರಬಹುದು. ಆದರೆ ಒಂದು ಮೊಣಕಾಲು ಉಳಿಯುತ್ತದೆ. ಏಳನೇ ಕ್ಲಾಸಿಗೆ ಆಟ ಬಿಡುವ ಹೆಣ್ಣುಮಕ್ಕಳು ಹತ್ತನೇ ಕ್ಲಾಸಿನವರೆಗಾದರೂ ಆಡುತ್ತಾರೆ. ಅಷ್ಟಾದರೂ ಸಾಕಲ್ಲವೇ ಶುರುವಿಗೆ?

ಈ ವಾರ ಹೀಗೆ ಮಾಡಿ. ನಿಮ್ಮೂರ ಶಾಲೆಗೆ ಹೋಗಿ ಮೂರು ಮಾತು ಕೇಳಿ. ದೈಹಿಕ ಶಿಕ್ಷಕರ ಹುದ್ದೆ ಮಂಜೂರಾಗಿದೆಯೇ? ಆ ಹುದ್ದೆಯಲ್ಲಿ ಯಾರಾದರೂ ಇದ್ದಾರೆಯೇ? ಆಟದ ಪೀರಿಯಡ್‌ನಲ್ಲಿ ಮಕ್ಕಳು ಎಲ್ಲಿರುತ್ತಾರೆ? ಉತ್ತರ ಸಿಗದಿದ್ದರೆ ಬಿಇಒ ಕಚೇರಿಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಿಪಿಎಲ್ ಕಾರ್ಡ್ ಇದ್ದರೆ ಆ ಹತ್ತು ರೂಪಾಯಿಯೂ ಬೇಡ. ಹುದ್ದೆ ಖಾಲಿ ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ಗಣಿ ಬಾಧಿತ ಊರಾದರೆ ಡಿಎಂಎಫ್ ಹಣದಿಂದ ಕೊಡಿ ಅಂತ ಅದರಲ್ಲೇ ಬರೆಸಿ, ಜಿಲ್ಲಾಡಳಿತಕ್ಕೆ ಕಳಿಸಿ.

ಆಮೇಲೆ ಮಿರ್ಚಿ ಅಂಗಡಿಗೆ ಬನ್ನಿ. ಬುಲ್ಸ್‌ಗೆ ಯಾರು ಕೋಚ್ ಆಗಬೇಕು ಅಂತ ರಾತ್ರಿ ಪೂರಾ ಜಗಳ ಆಡೋಣ. ನಾನಂತೂ ರಮೇಶ್ ಸರ್ ಕಡೆ.