ಸಂಶೋಧನೆ ಯಾರ ಸ್ವತ್ತು?

ಸಂಶೋಧನೆಗೆ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿ ಎಂದು ಕೇಂದ್ರ ಸರಕಾರವು 2023ರಲ್ಲಿ ಡಂಗುರ ಸಾರಿತು. ಸರಕಾರದ ಪಾಲು 14,000 ಕೋಟಿ ಮಾತ್ರ. ಉಳಿದುದು ಹೆಚ್ಚಾಗಿ ಉದ್ದಿಮೆದಾರರಿಂದ ಬರಬೇಕಂತೆ! ಲಾಭ ಕಾಣದ ಬರಸೀಮೆಗೆ ಅವರು ಥೈಲಿ ಬಿಚ್ಚುವರೇ?

ಆಲಮಟ್ಟಿಯ ಆಣೆಕಟ್ಟಿಗೂ ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೂ ಬಸವನ ಬಾಗೇವಾಡಿ ಸೀಮೆಯ ರೈತರು ನೆಲ ಕೊಟ್ಟರು. ಅವರ ಮಕ್ಕಳು ಇಂಜಿನಿಯರಿಂಗ್ ಓದಿದರೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ರಾಜ್ಯ ವಿಜ್ಞಾನ ಮಂಡಳಿಯಿಂದ ಸಿಗುವುದು ಕೆಲವೇ ಸಾವಿರ, ಅದೂ ಆಯ್ದವರಿಗೆ.

ಇಂಡಿಯ ಲಿಂಬೆ ಕೆಡದಂತೆ ಕಾಯುವುದು, ಸಿಂದಗಿಯ ತೊಗರಿಗೆ ಸಣ್ಣ ಯಂತ್ರ, ಮುದ್ದೇಬಿಹಾಳದ ಕಾಲುವೆಯ ಕೊನೆಯ ಹೊಲಕ್ಕೆ ನೀರು: ಇವು ಸಂಶೋಧನೆಯಲ್ಲವೇ? ದಾನ ಬೇಡುವವರಲ್ಲ ನಾವು. ವಿದ್ಯುತ್ತಿನ ಆದಾಯದಲ್ಲಿ ಒಂದು ಪಾಲನ್ನು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳ ಪ್ರಯೋಗಗಳಿಗೆ ಮೀಸಲಿಡಿರಿ. ಅದು ನಮ್ಮ ಹಕ್ಕು!