ಬೈ ಟೂ ಕೊಡ್ತಾರಾ ಗುರೂ?

ತುಮಕೂರು ರಸ್ತೆ ಕಡೆಯ ಓದುಗ ಮಿತ್ರರೊಬ್ಬರು ತರಾಟೆಗೆ ತಗೊಂಡಿದ್ದಾರೆ: "ವಾರ ವಾರ ತಾರೆಯರ ವಿಷಯ ಬರೀತೀರಿ. ಸಿನಿಮಾ ಬಿಟ್ಟ ಮೇಲೆ ನಾವು ಹೋಗಿ ನಿಲ್ಲೋ ಕಾಫಿ ಅಂಗಡಿ ಬಗ್ಗೆ ಯಾಕೆ ಸ್ವಾಮಿ ಬರೆಯಲ್ಲ?"

ನ್ಯಾಯವಾದ ಪ್ರಶ್ನೆ! ಚಿತ್ರ ಹಿಟ್ಟೋ ಫ್ಲಾಪೋ ಅನ್ನೋ ತೀರ್ಪು ಹೊರಬೀಳೋದೇ ಕಾಫಿ ಲೋಟದ ಮುಂದೆ. ಹಾಗಾಗಿ ಈ ವಾರದ ಅಂಕಣ ಅದಕ್ಕೇ ಮೀಸಲು.

ಒಳ್ಳೆ ಕಾಫಿ ಅಂಗಡಿ ಯಾವುದು ಅಂತ ಗುರುತಿಸೋಕೆ ನನ್ನ ಹತ್ತಿರ ಒಂದೇ ಪರೀಕ್ಷೆ. ಒಳಗೆ ಹೋಗಿ "ಬೈ ಟೂ" ಅನ್ನಿ. ಯಜಮಾನರ ಮುಖ ನೋಡಿ. ಹುಬ್ಬು ಗಂಟಾಯ್ತೋ, ಬೇರೆ ಅಂಗಡಿ ಹುಡುಕಿ. "ಆಗ್ಲಿ, ಕೂತ್ಕೊಳಿ" ಅಂದರೋ, ಆ ಅಂಗಡಿ ನಿಮ್ಮದು!

ನನ್ನ ಅಂಗಡಿ ಇರೋದು ಮಾಕಳಿಯಲ್ಲಿ. 2024ರ ನವೆಂಬರ್‌ನಲ್ಲಿ ಮೆಟ್ರೋ ಮಾದಾವರ ಮುಟ್ಟಿತಲ್ಲ, ಅಲ್ಲಿಂದ ಇನ್ನೂ ಸ್ವಲ್ಪ ನೆಲಮಂಗಲದ ಕಡೆ ಬನ್ನಿ. ಬೋರ್ಡಿಲ್ಲ. ತಗಡಿನ ಮಾಡು, ಎರಡು ಬೆಂಚು, ಗೋಡೆ ಮೇಲೆ ಅಣ್ಣಾವ್ರು, ಪಕ್ಕದಲ್ಲಿ ಹಾರ ಹಾಕಿದ ಅಪ್ಪು. ಬೆಳಗಿನ ಜಾವ ಐದಕ್ಕೆಲ್ಲ ಡಿಕಾಕ್ಷನ್ ಇಳಿದಿರುತ್ತೆ. ಫಸ್ಟ್ ಶಿಫ್ಟ್‌ಗೆ ಪೀಣ್ಯಕ್ಕೆ ಹೋಗೋರು, ನೈಟ್ ಶಿಫ್ಟ್ ಮುಗಿಸಿ ಬರೋರು ಎದುರಾಬದುರಾ ಸಿಗೋ ಜಾಗ ಅದು. ಬೈ ಟೂ ಅಂದರೆ ಅಣ್ಣ ಒಂದು ಲೋಟದ ಕಾಫೀನ ಎರಡು ಮಾಡಿ, ಆಮೇಲೆ ಎರಡಕ್ಕೂ ಒಂದೊಂದು ಗುಟುಕು ಜಾಸ್ತಿ ಸುರೀತಾರೆ. ಅರ್ಧ ಅಂದದ್ದು ಅಲ್ಲಿ ಯಾವತ್ತೂ ಮುಕ್ಕಾಲು!

ಲಾಕ್‌ಡೌನ್ ವರ್ಷ ನನ್ನ ಗೆಳೆಯನ ಕೆಲಸ ಹೋಯ್ತು. ಅಂಗಡಿ ಮತ್ತೆ ತೆರೆದ ಮೇಲೆ ದಿನಾ ಅಲ್ಲಿ ಬಂದು ಕೂರ್ತಿದ್ದ. ಜೇಬಿನಲ್ಲಿ ಕಾಸಿಲ್ಲ. ಅಣ್ಣ ಲೆಕ್ಕದ ಪುಸ್ತಕದಲ್ಲಿ ಬರ್ಕೊಂಡರೇ ಹೊರತು ಒಂದು ದಿನವೂ ಕೇಳಲಿಲ್ಲ. ಕೊನೆಗೆ ಅದೇ ಬೆಂಚಿನ ಮೇಲೆ ಕೂತಿದ್ದ ಸೂಪರ್‌ವೈಸರ್ ಒಬ್ಬರು, "ನಮ್ಮಲ್ಲಿ ಒಂದು ಜಾಗ ಖಾಲಿ ಇದೆ, ನಾಳೆ ಬಾರಪ್ಪ" ಅಂದರು. ಮನೇಲಿ ಕೂತಿದ್ದರೆ ಆ ಮಾತು ಇವನ ಕಿವಿಗೆ ಬೀಳ್ತಿತ್ತಾ ಹೇಳಿ?

ಊರೊಳಗೂ ಇಂಥ ಅಂಗಡಿಗಳು ಹೆಸರು ಮಾಡಿವೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ನಾಲ್ಕಾರು ತಿಂಡಿ, ಸಾಂಬಾರ್ ಇಲ್ಲವೇ ಇಲ್ಲ, ಬರೀ ಚಟ್ನಿ. ಆದರೂ ಜನಜಾತ್ರೆ! ಇಂಡಿಯಾ ಕಾಫಿ ಹೌಸ್ ಕಥೆಯಂತೂ ಸಿನಿಮಾಕ್ಕಿಂತ ಜೋರು. ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಿದಾಗ, ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಆ ನೌಕರರೇ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ನಮ್ಮ ಬೆಂಗಳೂರಿನದು, 1957ರ ಆಗಸ್ಟ್ 19ರಂದು. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯ್ತು. ಲೋಟ ತಂದಿಡೋನೇ ಅಂಗಡಿಗೆ ಪಾಲುದಾರ. ಅದಕ್ಕೇ ಜಾಗ ಹೋದರೂ ಅಂಗಡಿ ಹೋಗಲಿಲ್ಲ.

ಇನ್ನು ಸಿನಿಮಾಕ್ಕೆ ಬರೋಣ. ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ ಗಾಯಕವಾಡ್ ಮದರಾಸಿಗೆ ಹೋಗಿ ನಟನೆ ಕಲಿಯೋಕೆ ಒತ್ತಾಸೆಯಾಗಿ ನಿಂತದ್ದು ಯಾರು? ಅವರ ಬಸ್ಸಿನ ಡ್ರೈವರ್, ಗೆಳೆಯ ರಾಜಬಹದ್ದೂರ್. ಓದು ಮುಗಿಯೋವರೆಗೆ ತನ್ನ ಸಂಬಳದಲ್ಲಿ ಪಾಲು ಕೊಟ್ಟರು. 1975ರಲ್ಲಿ ತಮಿಳಿನ 'ಅಪೂರ್ವ ರಾಗಂಗಳ್', 1976ರಲ್ಲಿ ನಮ್ಮ ಪುಟ್ಟಣ್ಣನವರ 'ಕಥಾ ಸಂಗಮ'. ಕಂಡಕ್ಟರ್ ರಜನೀಕಾಂತ್ ಆದರು! ಅದು ಸಂಬಳದ ಬೈ ಟೂ ಕಂಡ್ರಿ.

ಈಗ ಬೈ ಟೂಗೇ ಕುತ್ತು ಬಂದಿದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅದೇ ವರ್ಷದ ಮೊದಲಲ್ಲಿ ಕಾಫಿ ಬೀಜ ಜಗತ್ತಿನ ಮಾರುಕಟ್ಟೆಯಲ್ಲಿ ದಾಖಲೆ ಬೆಲೆ ಕಂಡಿತ್ತು. ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟರೆ ಮಾಕಳಿಯಲ್ಲಿ ಲೋಟ ಸುಡುತ್ತೆ! ಎ.ಸಿ. ಹಾಕಿದ ದೊಡ್ಡ ಕಾಫಿ ಅಂಗಡಿಗಳು ತಡಕೊಳ್ಳುತ್ತವೆ. ಎರಡು ಬೆಂಚಿನ ಅಣ್ಣ ಏನು ಮಾಡಬೇಕು? ಆ ಒಂದೊಂದು ಗುಟುಕು ಜಾಸ್ತಿ ಅವರ ಕೈಯಿಂದಲೇ ಹೋಗೋದು. ರೇಟು ಏರಿಸಿದರೆ ನಾವೇ ಗೊಣಗ್ತೀವಿ.

ಆದ್ದರಿಂದ ಮಿತ್ರರೇ, ಸಂಬಳದ ದಿನವಾದರೂ ಬೈ ಟೂ ಬೇಡ, ಫುಲ್ ಕಾಫಿ ಹೇಳಿ. ಹಳೇ ಬಾಕಿ ಇದ್ದರೆ ತೀರಿಸಿ. ಹೀರೋ ಕಟೌಟ್‌ಗೆ ಹಾಲು ಸುರಿಯೋಕೆ ಎತ್ತಿಟ್ಟ ದುಡ್ಡಿದ್ದರೆ, ಆ ಹಾಲಿನಲ್ಲಿ ಒಂದು ಪ್ಯಾಕೆಟ್ ಅಣ್ಣನ ಪಾತ್ರೆಗೆ ಬೀಳಲಿ. ಕಟೌಟ್ ಕುಡಿಯಲ್ಲ ಸ್ವಾಮಿ, ನೀವು ಕುಡೀತೀರಿ!

ಮುಂದಿನ ವಾರ ಸಿಗೋಣ.